ತಂಪಿನ ಪೆಟ್ಟಿಗೆಯೊಳಗಿನ ಮಲ್ಲಿಗೆ

ಪೆಟ್ಟಿಗೆಯೊಳಗೆ ತಂಪಿತ್ತು ಎಂದೇ ನನ್ನ ನೆನಪು. ಹೊನ್ನಾವರಕ್ಕೆ ಹೋಗುವ ಬಸ್ಸಿನಲ್ಲಿ ಮುಚ್ಚಳ ಸರಿಸಿ ಕೈಯಿಟ್ಟಿದ್ದೆ, ತಣ್ಣಗಿತ್ತು. ನಿಜವಾಗಿ ಇಟ್ಟಿದ್ದೆನೋ, ಆಮೇಲೆ ವಾದಕ್ಕೆ ಬೇಕಾಗಿ ಹಾಗೆ ನೆನಪಿಸಿಕೊಂಡೆನೋ, ಈಗ ಖಚಿತವಾಗಿ ಹೇಳಲಾರೆ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದ ಅಕ್ಕ, ನಾನು ಮುಚ್ಚಳ ಮುಟ್ಟಲೇ ಇಲ್ಲ ಎನ್ನುತ್ತಾಳೆ.

ಅಕ್ಕ ಭಟ್ಕಳದ ತನ್ನ ಹಿತ್ತಲಲ್ಲಿ ಮಲ್ಲಿಗೆ ಬೆಳೆದು, ಬಾಳೆನಾರಿನಲ್ಲಿ ಕಟ್ಟಿ ಮಾರುತ್ತಾಳೆ. ಮದುವೆಮನೆಯವರಿಗೆ ಮೊಗ್ಗೇ ಬೇಕು. ಅದು ಹೆಣ್ಣಿನ ತಲೆಯಲ್ಲೇ ಅರಳಬೇಕು. ಆದರೆ ಬೆಳಿಗ್ಗೆ ಕೊಯ್ದ ಮೊಗ್ಗು ಸೆಕೆಗೆ ಸಂಜೆಯವರೆಗೂ ಕಾಯುವುದಿಲ್ಲ. ಆ ಬೇಸಿಗೆಯಲ್ಲಿ ಹೊನ್ನಾವರದ ಒಂದು ದೊಡ್ಡ ಕುಟುಂಬ ಆರತಕ್ಷತೆಗೆಂದು ಮೊದಲ ಸಲ ಅಕ್ಕನ ಬಳಿ ಹೂವು ಕೇಳಿತ್ತು. ಆ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳು ಇನ್ನೂ ಇದ್ದರು. ಈ ಹೂವು ಮೆಚ್ಚಿಗೆಯಾದರೆ ಮುಂದಿನ ಮದುವೆಗಳದ್ದೂ ಅಕ್ಕನಿಗೇ.

ಕುಮಟಾದಲ್ಲಿ ಟ್ಯೂಷನ್ ಹೇಳಿಕೊಂಡಿದ್ದ ನಾನು, ಭೌತಶಾಸ್ತ್ರದ ಎಂ.ಎಸ್ಸಿ., ಸುಮ್ಮನಿರಲಿಲ್ಲ. ಮೀನಿನ ಥರ್ಮೋಕೋಲ್ ಪೆಟ್ಟಿಗೆ, ಅದರೊಳಗೆ ಮಣ್ಣಿನ ಮಡಕೆ, ಎರಡರ ನಡುವೆ ಒದ್ದೆ ಮರಳು, ಮೇಲೆ ಹಳೆಯ ಕಂಪ್ಯೂಟರಿನ ಫ್ಯಾನು, ಅದಕ್ಕೆ ಸ್ಕೂಟರಿನ ಬ್ಯಾಟರಿ. ಮರಳಿನ ನೀರು ಆವಿಯಾಗುತ್ತ ಮಡಕೆಯ ಶಾಖ ಹೀರಬೇಕು. ಹೇಳುವುದಕ್ಕೆ ಎಷ್ಟು ಸುಲಭ! ಫ್ಯಾನು ತಿರುಗಿದರೆ ತಂತಿ ಕಿತ್ತು ಬರುತ್ತಿತ್ತು. ತಂತಿ ಬೆಸೆಯಲು ಹೋದರೆ ಥರ್ಮೋಕೋಲ್ ಕರಗುತ್ತಿತ್ತು. ಮಡಕೆಯೊಂದು ಒಡೆದು ಇನ್ನೊಂದು ತಂದೆ. ನಿಂಬೆಹಣ್ಣು ತಿಕ್ಕಿ ತಿಕ್ಕಿ ಕೈ ಉರಿದರೂ ಪೆಟ್ಟಿಗೆಯ ಬಂಗಡೆ ವಾಸನೆ ಹೋಗಲಿಲ್ಲ.

"ತಮಾ, ಮದುವೆ ಹೆಣ್ಣು ಬಂಗಡೆ ಮುಡ್ಕಂಡು ಕೂರೂದಾ?" ಎಂದಳು ಅಕ್ಕ.

"ವಾಸನೆ ಹೋಗ್ತದೆ. ತಂಪು ಮುಖ್ಯ."

"ನನ್ನ ಬಾಳೆಎಲೆಗೆ ಎಂತ ಆಗಿದೆ ಈಗ?"

ಜಗಳವಾಡಿ, ಅರ್ಧ ಮಾಲೆ ನನ್ನ ಮಡಕೆಗೆ, ಇನ್ನರ್ಧ ಎಂದಿನಂತೆ ಅವಳ ಬಾಳೆಎಲೆಯ ಕಟ್ಟಿಗೆ ಎಂದಾಯಿತು.

ಬಸ್ಸಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು, ಬ್ಯಾಟರಿ ಕಾಲಬುಡದಲ್ಲಿ. ಕಂಡಕ್ಟರ್ ಬಗ್ಗಿ ನೋಡಿದ.

"ಎಂತ ಮೀನು ಮಾರಾಯ್ರೇ? ನೀರು ಸೋರ್ತಾ ಅದೆ."

"ಮೀನಲ್ಲ, ಮಲ್ಲಿಗೆ."

"ಓಹೋ, ಬಲೆಗೆ ಬಿತ್ತಾ?"

ಸುತ್ತಲಿನವರೆಲ್ಲ ನಕ್ಕರು. ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮದುವೆಯ ಛತ್ರದಲ್ಲಿ ಹೆಣ್ಣಿನ ಸೋದರತ್ತೆ ಎರಡನ್ನೂ ಬಿಚ್ಚಿಸಿದಳು. ಎಲೆಯೊಳಗಿನದ್ದು ಬಿಗಿಯಾದ ಮೊಗ್ಗು. ಮಡಕೆಯದ್ದು ಪೂರ್ತಿ ಅರಳಿತ್ತು, ಅಂಚು ಕಂದಿತ್ತು.

"ಇದೆಂತಾ? ಹೆಣ್ಣು ಇನ್ನೂ ಸೀರೆ ಉಟ್ಟಿಲ್ಲ, ಹೂವು ಆಗ್ಲೇ ಊಟ ಮಾಡಿ ಹೊರಟಂಗೆ ಅದೆ!"

ಎಲೆಯ ಮಾಲೆ ಹೆಣ್ಣಿಗೆ ಹೋಯಿತು. ಅವಳ ಜೊತೆಯ ಹುಡುಗಿಯರಿಗೆ ಪೇಟೆಯಿಂದ ಬೇರೆ ಹೂವು ತರಿಸಿದರು. ಆ ಮನೆಯ ಮುಂದಿನ ಮದುವೆಗೆ ಅಕ್ಕನಿಗೆ ಕರೆಯೇನೋ ಬಂತು. "ಹೂವು ತಕಂಡು ನೀನೊಬ್ಳೇ ಬಾ, ಆತಾ?" ಎಂದಿದ್ದಳಂತೆ ಆ ಸೋದರತ್ತೆ.

ನಾನು ಮಾತ್ರ ಬಿಡಲಿಲ್ಲ. ಬಸ್ಸಿನ ಕಿಟಕಿಯ ಬಿಸಿಲು ಬಿದ್ದಿತ್ತು, ಬ್ಯಾಟರಿ ನಡುವೆ ಸತ್ತಿತ್ತು, ಮುಚ್ಚಳ ಸರಿಯಾಗಿ ಕೂತಿರಲಿಲ್ಲ: ಒಂದೊಂದು ಸಲ ಒಂದೊಂದು ಹೇಳಿದೆ, ಹೇಳಿದ್ದೆಲ್ಲ ಕಣ್ಣಾರೆ ಕಂಡಂತೆಯೇ ನೆನಪಾಗುತ್ತಿತ್ತು. ಬೆನ್ನಿನ ಬೆವರೇ ಆರದ ಈ ಕರಾವಳಿಯ ಗಾಳಿಯಲ್ಲಿ ಮರಳಿನ ನೀರು ಎಲ್ಲಿಂದ ಆರೀತು ಎಂದು ಯೋಚಿಸಿದ್ದು ಬಹಳ ತಡವಾಗಿ. ಆಗಲೂ, ತಂಪು ಕಡಿಮೆಯಾಗಿರಬಹುದು, ಇರಲೇ ಇಲ್ಲವೆನ್ನಲು ಹೇಗಾಗುತ್ತದೆ ಎಂದುಕೊಂಡೆ.

ಈ ಬೇಸಿಗೆಯಲ್ಲಿ ಅದೇ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಮರಳು ನೆನೆಸಿ, ಫ್ಯಾನು ಹಚ್ಚಿದೆ. ಅದರ ಮೋಟಾರು ಮುಚ್ಚಳದಡಿ ಬಿಸಿಯಾಗುತ್ತಿತ್ತು. ಮಡಕೆಯೊಳಗೊಂದು ಥರ್ಮಾಮೀಟರ್, ಜಗಲಿಯ ನೆರಳಲ್ಲಿ ಇನ್ನೊಂದು. ಮಧ್ಯಾಹ್ನ ಮುಚ್ಚಳ ಸರಿಸಿ ಕೈಯಿಟ್ಟೆ. ಒದ್ದೆ ಮರಳು ತಾಗಿ ತಣ್ಣಗೇ ಅನಿಸಿತು. ಥರ್ಮಾಮೀಟರುಗಳನ್ನು ಅದಲುಬದಲು ಮಾಡಿಯೂ ನೋಡಿದೆ. ಜಗಲಿಗಿಂತ ಮಡಕೆಯೊಳಗೇ ಹೆಚ್ಚು ಬಿಸಿಯಿತ್ತು.