ಮೊಳಕ್ಕೆ ಎರಡು ಬೆರಳು ಇಳಿಜಾರು

ಮೇಷ್ಟ್ರ ಎಡಗಾಲಿನ ಮೀನಖಂಡದ ಮೇಲೆ ನೀಲಿ ನರಗಳು ಗಂಟುಗಂಟಾಗಿ ಎದ್ದು ನಿಂತಿದ್ದವು. ಹಳೆಯ ಪಂಚೆ ಹರಿದು ಮಾಡಿದ ಪಟ್ಟಿಯನ್ನು ಪಾದದಿಂದ ಮಂಡಿಯವರೆಗೆ ಬಿಗಿಯಾಗಿ ಸುತ್ತಿಕೊಂಡು ಕೆಲಸಕ್ಕೆ ಬರುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಆ ಪಟ್ಟಿ ಬಿಚ್ಚುತ್ತಿದ್ದರು. ಕಾಲನ್ನು ಔಷಧಿ ಪೆಟ್ಟಿಗೆಯೊಂದರ ಮೇಲೆ ಎತ್ತಿಟ್ಟುಕೊಂಡು, "ಮೊದ್ಲು ಇದರ ಊಟ ಆಗ್ಲಿ, ಆಮೇಲೆ ನಂದು" ಎನ್ನುತ್ತಿದ್ದರು. ಇಪ್ಪತ್ತು ವರ್ಷ ನಿಂತೇ ದುಡಿದ ಕಾಲು ಅದು. ಈಗ ನನ್ನ ಮಂಡಿಗಳೂ ಹೋಗಿವೆ, ಆದ್ದರಿಂದ ಆ ಮಾತು ಈಗ ಅರ್ಥವಾಗುತ್ತದೆ.

ಎಪ್ಪತ್ತರ ದಶಕದಲ್ಲಿ ಹೊನ್ನಾಳಿಯಲ್ಲಿ ಔಷಧಿಯ ಸಗಟು ಅಂಗಡಿಯೊಂದಿತ್ತು. ಚನ್ನಗಿರಿ, ನ್ಯಾಮತಿ, ಸವಳಂಗ, ಅತ್ತ ಜಗಳೂರಿನವರೆಗೂ ಮೆಡಿಕಲ್ ಸ್ಟೋರ್‌ಗಳಿಗೆ ಮಾಲು ಹೋಗುತ್ತಿದ್ದುದು ನಮ್ಮ ಗೋಡೌನಿನಿಂದ. ಅದರ ಸ್ಟೋರ್ ಕೀಪರ್ ಇವರು. ಎಲ್ಲರೂ ಗೋಡೌನ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳಿದವರೇನಲ್ಲ. ಲಾರಿಯಿಂದ ಇಳಿದ ಹಮಾಲಿಯನ್ನೂ ನಿಲ್ಲಿಸಿಕೊಂಡು ಏನಾದರೊಂದು ಕಲಿಸದೆ ಬಿಡುತ್ತಿರಲಿಲ್ಲ, ಅದಕ್ಕೆ ಆ ಹೆಸರು. ನಾನು ಅಲ್ಲಿ ಆರ್ಡರ್ ತೆಗೆಯುವ ಕೆಲಸಕ್ಕೆ ಸೇರಿದೆ. ನನ್ನ ಗಂಡ ಅಕ್ಕಿ ಗಿರಣಿಯ ಧೂಳಿಗೆ ಎದೆ ಕೆಡಿಸಿಕೊಂಡು ಮನೆಯಲ್ಲಿ ಕೂತಿದ್ದರು. ಇಬ್ಬರು ಮಕ್ಕಳು. ಮನೆ ನಡೆಯುತ್ತಿದ್ದುದು ನನ್ನ ಸಂಬಳದಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದಕ್ಕೆ ಇದು ನೆಪ ಎಂದು ಬೇಕಾದರೂ ತಿಳಿಯಿರಿ.

ಆರ್ಡರ್ ತೆಗೆಯುವುದೆಂದರೆ ಕೇಳಲು ಹಗುರವಾದ ಕೆಲಸ. ಬೆಳಗಿನ ಬಸ್ಸಿನ ಕಂಡಕ್ಟರುಗಳ ಕೈಲಿ ಅಂಗಡಿಗಳವರ ಚೀಟಿ ಬರುತ್ತಿತ್ತು. ಚೀಟಿ ನೋಡಿಕೊಂಡು ಜ್ವರದ ಮಾತ್ರೆ ಇಲ್ಲಿಂದ, ಕೆಮ್ಮಿನ ಸಿರಪ್ಪು ಅಲ್ಲಿಂದ, ಹತ್ತಿ ಬ್ಯಾಂಡೇಜು ಮತ್ತೆಲ್ಲಿಂದಲೋ ಹುಡುಕಿ ಬುಟ್ಟಿಗೆ ತುಂಬಬೇಕು. ಮಧ್ಯಾಹ್ನದ ಬಸ್ಸಿನ ಟಾಪಿಗೆ ಅದು ಹತ್ತಬೇಕು. ಪೆಟ್ಟಿಗೆಗಳು ಆಳೆತ್ತರ ಒಂದರ ಮೇಲೊಂದು ಕೂತಿರುತ್ತಿದ್ದವು. ಬೇಕಾದದ್ದು ಯಾವಾಗಲೂ ತಳದಲ್ಲೇ ಇರುವುದು ಅದರ ಹಣೆಬರಹವೋ ನನ್ನದೋ. ಹೊಸ ಮಾಲು ಬಂದರೆ ಹಳೆಯದರ ಮೇಲೆ ಒಟ್ಟುವುದು, ಮೇಲಿನದನ್ನೇ ಕೊಟ್ಟು ಕಳಿಸುವುದು. ಹಳೆಯದು ತಳದಲ್ಲಿ ಕೂತು ತಾರೀಖು ಮೀರಿ ತಿಪ್ಪೆಗೆ ಹೋಗುತ್ತಿತ್ತು.

ಒಂದು ದಿನ ಮೇಷ್ಟ್ರು ನಡುಕಂಬದ ಹತ್ತಿರ ಸ್ಟೂಲು ಹಾಕಿಕೊಂಡು ಕೂತರು. ನಾನು ಕಂಬ ದಾಟಿದಾಗಲೆಲ್ಲ ಒಂದು ಹುಣಸೆಬೀಜವನ್ನು ಡಬ್ಬಿಗೆ ಹಾಕಿದರು. ಇವರಿಗೆ ಮಾಡಲು ಬೇರೆ ಕೆಲಸವಿಲ್ಲವೇ ಎಂದು ನನಗೆ ರೇಗಿತ್ತು. ಸಂಜೆ ಬೀಜ ಎಣಿಸಿ, ಬೆರಳು ಮಡಚಿ ಲೆಕ್ಕ ಹಾಕಿ, "ತಂಗಿ, ಇವತ್ತು ನೀನು ಗೋಡೌನಿನ ಒಳಗೇ ನ್ಯಾಮತಿ ದಾರಿ ಅರ್ಧ ಮುಗ್ಸಿದೀಯ. ಬಸ್ ಚಾರ್ಜು ಉಳೀತು ನೋಡು" ಎಂದರು. ನನಗೆ ನಗು ಬರಲಿಲ್ಲ. ಅವರೂ ನಗಲಿಲ್ಲ. ಬೀಜಗಳನ್ನು ಮತ್ತೆ ಡಬ್ಬಿಗೆ ಸುರಿಯುತ್ತಾ, "ನನ್ನ ಕಾಲು ಹಿಂಗಾತು. ನಿಂದೂ ಹಿಂಗೇ ಆಗ್ಬೇಕಂತ ಏನೈತೆ?" ಎಂದರು.

ಆ ರ‍್ಯಾಕು ಶುರುವಾದದ್ದು ಅಲ್ಲಿಂದ. ಲಾರಿಯಿಂದ ಮಾಲು ಇಳಿಸುವಾಗ ಹಮಾಲರು ಎರಡು ಹಲಗೆ ಓರೆಗಿಟ್ಟು ಪೆಟ್ಟಿಗೆಯನ್ನು ಜಾರಬಿಡುತ್ತಿದ್ದರಲ್ಲ, ಅದನ್ನು ಅವರು ವರ್ಷಗಟ್ಟಲೆ ನೋಡಿದ್ದರು. "ಭೂಮಿತಾಯಿ ಪುಕ್ಕಟೆ ಎಳೀತಾಳೆ. ನಾವ್ಯಾಕೆ ಎಳ್ದು ಸಾಯ್ಬೇಕು?" ಎಂಬುದು ಅವರ ಮಾತು. ಉದ್ದಕ್ಕೆ ಸೀಳಿದ ಅಡಿಕೆ ಮರದ ದಬ್ಬೆಗಳನ್ನು ತರಿಸಿ ಉದ್ದಕ್ಕೆ ಓರೆಯಾಗಿ ಕಟ್ಟಿಸಿದರು. ಅಡ್ಡಡ್ಡಲಾಗಿ ಕಬ್ಬಿಣದ ಸರಳು, ಸರಳಿಗೆ ಪೋಣಿಸಿದ ಪೈಪಿನ ತುಂಡುಗಳು. ಪೆಟ್ಟಿಗೆ ಇಟ್ಟರೆ ಆ ತುಂಡುಗಳು ಗರಗರ ತಿರುಗಿ ಅದನ್ನು ಮುಂದಕ್ಕೆ ತರುತ್ತಿದ್ದವು. ಹಿಂದೆ ಒಂದು ಓಣಿ, ಮುಂದೆ ಒಂದು ಓಣಿ. ಹಿಂದಿನ ಓಣಿಯಿಂದ ಹೊಸ ಮಾಲು ಇಡುವುದು, ಮುಂದಿನ ಓಣಿಯಲ್ಲಿ ನಿಂತು ತೆಗೆಯುವುದು. ಮುಂದಿನದನ್ನು ತೆಗೆದರೆ ಅದರ ಹಿಂದಿನದು ತಾನಾಗಿ ಜಾರಿ ಬಂದು ಸೊಂಟದ ಎತ್ತರಕ್ಕೆ ಕೈಗೆ ಸಿಗುತ್ತಿತ್ತು. ಮೊದಲು ಬಂದದ್ದು ಮೊದಲು ಹೋಗುತ್ತಿತ್ತು.

ಬರೆಯಲು ಸುಲಭ. ಇಳಿಜಾರು ಹೊಂದಿಸಲು ಅವರು ಒಂದು ತಿಂಗಳು ಒದ್ದಾಡಿದರು. ಹೆಚ್ಚಾದರೆ ಪೆಟ್ಟಿಗೆ ಓಡಿ ಬಂದು ಬಡಿದು ಒಳಗಿನ ಬಾಟಲಿ ಒಡೆಯುತ್ತಿತ್ತು. ಕಡಿಮೆಯಾದರೆ ಕೋಣದ ಹಾಗೆ ನಡುವೆ ನಿಂತುಬಿಡುತ್ತಿತ್ತು. ದಬ್ಬೆಯ ಕೆಳಗೆ ಹೆಂಚಿನ ಚೂರು ಕೊಟ್ಟು, ತೆಗೆದು, ಮತ್ತೆ ಕೊಟ್ಟು, ಕೊನೆಗೆ ಮೊಳಕ್ಕೆ ಎರಡು ಬೆರಳು ಎಂದು ನಿಲ್ಲಿಸಿದರು. ಬಡಿತ ತಾಳಲು ಮುಂದಿನ ಅಂಚಿಗೆ ಸೈಕಲ್ ಟ್ಯೂಬು ಸುತ್ತಿದರು. ಆ ದಿನ ಅವರು ಪೆಟ್ಟಿಗೆಯೊಂದನ್ನು ಹಿಂದಿನಿಂದ ಬಿಟ್ಟು, ಕುಂಟುತ್ತಾ ಸುತ್ತಿ ಮುಂದಿನ ಓಣಿಗೆ ಬರುವಷ್ಟರಲ್ಲಿ ಅದು ಬಂದು ಕಾಯುತ್ತಾ ಕೂತಿತ್ತು. ಅದರ ಮೇಲೆ ಕೈಯಿಟ್ಟು, "ಬಂದ್ಯಾ ಮಾರಾಯ" ಎಂದರು. ಅವರ ಮುಖ ದಣಿವಿಲ್ಲದೆ ಕಂಡದ್ದು ನನಗೆ ಅದೊಂದು ದಿನವೇ ನೆನಪು.

ಅಂಗಡಿಯ ಯಜಮಾನರಿಗೆ ಮಾತ್ರ ಆ ರ‍್ಯಾಕು ಸೇರುತ್ತಿರಲಿಲ್ಲ. "ಹಿಂದ್ಗಡೆ ಇಷ್ಟು ಜಾಗ ದಂಡ ಆತಲ್ರೀ ಮೇಷ್ಟ್ರೆ. ಅಲ್ಲಿ ಇನ್ನೊಂದು ಲೋಡ್ ಹಿಡೀತಿತ್ತು" ಎನ್ನುವರು. ಮೇಷ್ಟ್ರು, "ಹಾಳಾಗೋ ಮಾಲು ಉಳೀತೈತಲ್ರಿ. ಇನ್ಮುಂದೆ ತಾರೀಖು ನೋಡೋ ಕೆಲಸ ರ‍್ಯಾಕೇ ಮಾಡ್ತೈತೆ. ಒಂದೇ ಒಂದು ಹಳೇ ಬಾಟ್ಲಿ ಹೊರಗೆ ಹೋದ್ರೆ ನಾನೇ ನಿಂತು ಕೀಳಿಸ್ತೀನಿ" ಎಂದು ಮಾತು ಕೊಟ್ಟರು. ಎರಡು ವರ್ಷಕ್ಕೂ ಮೇಲೆ ಒಂದು ಬಾಟಲಿಯೂ ಹೋಗಲಿಲ್ಲ. ನಾನು ಸಂಜೆ ಮನೆಗೆ ಹೋಗಿ ನಿಂತು ರೊಟ್ಟಿ ಬಡಿಯುವಷ್ಟು ಕಾಲಲ್ಲಿ ಜೀವ ಉಳಿಯುತ್ತಿತ್ತು. ಅವರೂ ಪಟ್ಟಿಯನ್ನು ಸ್ವಲ್ಪ ಸಡಿಲವಾಗಿ ಸುತ್ತತೊಡಗಿದ್ದರು.

ಆಯುಧಪೂಜೆಗೆ ಮೇಷ್ಟ್ರು ತಮ್ಮೂರು ಸವಳಂಗಕ್ಕೆ ಹೋಗುವರು. ವರ್ಷಕ್ಕೆ ಅವರು ತೆಗೆದುಕೊಳ್ಳುತ್ತಿದ್ದ ರಜೆ ಅಷ್ಟೇ. ಆ ವರ್ಷ ಹಬ್ಬದ ದಿನ ರ‍್ಯಾಕನ್ನೆಲ್ಲ ಖಾಲಿ ಮಾಡಿ, ತೊಳೆದು, ಗೋಡೆಗೆ ಸುಣ್ಣ ಬಳಿದು, ದಬ್ಬೆಗಳಿಗೆ ವಿಭೂತಿ ಕುಂಕುಮ ಹಚ್ಚಿದೆವು. ಬೂದಗುಂಬಳ ಒಡೆದಾಯಿತು, ಮಂಡಕ್ಕಿ ಹಂಚಿಯಾಯಿತು. ಎಲ್ಲರಿಗೂ ಮನೆಗೆ ಹೋಗುವ ಆತುರ. ಪೆಟ್ಟಿಗೆಗಳನ್ನು ವಾಪಸ್ಸು ಇಡುವುದು ಬಾಕಿ ಇತ್ತು, ಮಕ್ಕಳ ಸಿರಪ್ಪಿನ ಸಾಲು ನನ್ನ ಪಾಲಿಗೆ ಬಂದಿತ್ತು. ಪೆಟ್ಟಿಗೆ ಎತ್ತಿಕೊಡುತ್ತಿದ್ದ ಹಮಾಲಿ, "ಅಕ್ಕಾರೆ, ಹಿಂದಿನ ಓಣಿಗೆ ಕಾಲಿಡಂಗಿಲ್ಲ, ಸುಣ್ಣ ಇನ್ನೂ ಹಸಿ ಐತೆ. ಮುಂದಿಂದ್ಲೇ ತಳ್ಳಿಬಿಡ್ರಿ" ಎಂದ.

ನಾನು ಮುಂದಿನಿಂದಲೇ ಮೇಲಕ್ಕೆ ತಳ್ಳಿದೆ. ಹಳೆಯದು ಮೊದಲು ಎಂದು ಮೇಷ್ಟ್ರು ಕಲಿಸಿದ ಪಾಠ ಬಾಯಿಪಾಠವಾಗಿತ್ತಲ್ಲ, "ಹಳೇದು ಮೊದ್ಲು ಕೊಡಪ್ಪ" ಎಂದು ಕೇಳಿ ಕೇಳಿ ಇಸಕೊಂಡು ಅದನ್ನೇ ಮೊದಲು ತಳ್ಳಿದೆ. ಮುಂದಿನಿಂದ ತಳ್ಳಿದರೆ ಮೊದಲು ಹೋದದ್ದು ಎಲ್ಲಕ್ಕಿಂತ ಹಿಂದೆ ಹೋಗಿ ಕೂರುತ್ತದೆ ಎಂಬುದು ಚಿಕ್ಕ ಮಕ್ಕಳಿಗೂ ಹೊಳೆಯುವ ಮಾತು. ನನಗೆ ಹೊಳೆಯಲಿಲ್ಲ. ಪಾಠ ಒಪ್ಪಿಸಿದ ಹೆಮ್ಮೆಯಲ್ಲೇ ಮನೆಗೆ ಹೋದೆ.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಜಗಳೂರಿನ ಮೆಡಿಕಲ್ ಸ್ಟೋರಿನವರು ಕೈಯಲ್ಲಿ ಒಂದು ಬಾಟಲಿ ಹಿಡಿದು ಬಸ್ಸಿಳಿದು ಬಂದರು. ತಾರೀಖು ಮೀರಿ ಎರಡು ತಿಂಗಳಾದ ಸಿರಪ್ಪು. ಮಗುವೊಂದಕ್ಕೆ ಎರಡು ಚಮಚ ಕುಡಿಸಿದ ಮೇಲೆ ಅಲ್ಲಿನ ಡಾಕ್ಟರು ನೋಡಿ ಉಗಿದಿದ್ದರಂತೆ. ಮಗುವಿಗೆ ಏನೂ ಆಗಲಿಲ್ಲ, ನಮ್ಮ ಪುಣ್ಯ. ಮೇಷ್ಟ್ರು ಆಗ ಲಾರಿ ಆಫೀಸಿಗೆ ಹೋಗಿದ್ದರು. ಯಜಮಾನರು ಕಾಯಲಿಲ್ಲ. ಹಮಾಲರನ್ನು ಕರೆದು ಆ ಸಾಲನ್ನೆಲ್ಲ ಎಳೆದು ನೆಲಕ್ಕೆ ಸುರಿಸಿದರು. ಮೇಷ್ಟ್ರು ಬರುವ ಹೊತ್ತಿಗೆ ಯಾವ ಪೆಟ್ಟಿಗೆ ಎಲ್ಲಿತ್ತೆಂದು ಬ್ರಹ್ಮನಿಗೂ ಹೇಳಲು ಬರುತ್ತಿರಲಿಲ್ಲ.

ಅವರು ಆ ರಾಶಿಯ ನಡುವೆ ನಿಂತು ಒಬ್ಬೊಬ್ಬರನ್ನೇ ಕೇಳಿದರು. ಹಮಾಲಿ, "ನಂಗೇನು ಗೊತ್ರಿ, ನಾನು ಎತ್ತಿಕೊಟ್ಟೋನು" ಎಂದ. ಆಮೇಲೆ ನನ್ನ ಕಡೆ ತಿರುಗಿದರು.

"ತಂಗಿ, ಹಬ್ಬದ ದಿನ ಹಿಂದಿಂದ್ಲೇ ತುಂಬಿದ್ದು ಅಲ್ಲೇನು?"

ಅವರು ಕೇಳಿದ ಆ ಗಳಿಗೆಯಲ್ಲೇ ನನಗೆ ಎಲ್ಲ ಗೊತ್ತಾಯಿತು.  ಯಜಮಾನರು ಎದುರಿಗೇ ನಿಂತಿದ್ದರು. ಮನೆಯಲ್ಲಿ ಕೆಮ್ಮುತ್ತಾ ಕೂತ ಗಂಡ, ಶಾಲೆಗೆ ಹೋಗುವ ಮಕ್ಕಳು ಕಣ್ಮುಂದೆ ಬಂದರು.

"ಹೌದ್ರಿ ಮೇಷ್ಟ್ರೆ, ಹಿಂದಿಂದ್ಲೇ" ಎಂದೆ.

ಅವರು ತಲೆಯಾಡಿಸಿದರು. ನನ್ನ ಮಾತನ್ನು ಅನುಮಾನಿಸುವುದು ಅವರಿಗೆ ಬರಲಿಲ್ಲ. ಬಗ್ಗಿ ಖಾಲಿ ದಬ್ಬೆಯ ಮೇಲೆ ಕೈಯಾಡಿಸುತ್ತಾ, "ಹಂಗಾದ್ರೆ ನಂದೇ ತಪ್ಪು. ಇಳಿಜಾರು ಸಾಲ್ದೆ ಹಳೇ ಪೆಟ್ಗೆ ನಡುವೆ ನಿಂತು, ಹೊಸಾವು ಅದರ ಮೇಲೆ ಹತ್ತಿ ಮುಂದೆ ಬಂದಾವೆ" ಎಂದು ತಮಗೆ ತಾವೇ ಹೇಳಿಕೊಂಡರು. ಕೊಟ್ಟ ಮಾತಿನಂತೆ ವಾರದೊಳಗೆ ತಾವೇ ನಿಂತು ರ‍್ಯಾಕು ಕೀಳಿಸಿದರು. ದಬ್ಬೆಗಳು ಬಚ್ಚಲ ಒಲೆಗೆ ಹೋದವು. ನಾನು ಒಂದು ಮಾತು, ಒಂದೇ ಮಾತು ಆಡಿದ್ದರೆ ರ‍್ಯಾಕು ಉಳಿಯುತ್ತಿತ್ತು. ಬುಟ್ಟಿ ಹಿಡಿದುಕೊಂಡು ನೋಡುತ್ತಾ ನಿಂತೆ.

ಆಮೇಲೆ ಮತ್ತೆ ಹಳೆಯ ಪೆಟ್ಟಿಗೆಗಳ ರಾಶಿ, ಮತ್ತೆ ಏಣಿ, ಮತ್ತೆ ನಡಿಗೆ. ಮೇಷ್ಟ್ರು ತಮಗೆ ತಾವೇ ಒಂದು ಶಿಕ್ಷೆ ಹಾಕಿಕೊಂಡರು. ದಿನಾ ಸಂಜೆ ಒಂದೊಂದು ಪೆಟ್ಟಿಗೆಯನ್ನೂ ಕೆಳಗಿಳಿಸಿ ತಾರೀಖು ನೋಡುವುದು. ಕೂತು ನೋಡಿ ಎಂದರೆ, "ಒಂದ್ಸಲ ನಂಬಿ ಕೆಟ್ಟೆ, ಸಾಕು" ಎನ್ನುವರು. ರ‍್ಯಾಕು ಇಲ್ಲದ ಎರಡನೆಯ ಬೇಸಿಗೆಗೆ ಕಾಲಿನ ನರ ಒಡೆದು ಹುಣ್ಣಾಯಿತು. ಕೆಲಸ ಬಿಟ್ಟು ಸವಳಂಗಕ್ಕೆ ಹೋದರು. ಗೋಡೌನಿನ ಬೀಗದ ಕೈ ಯಜಮಾನರು ನನ್ನ ಕೈಗೆ ಕೊಟ್ಟರು. ಹೀಗೆ ನಾನು ಅವರ ಜಾಗಕ್ಕೆ ಬಂದೆ. ನಾಚಿಕೆ ಆಗಲಿಲ್ಲವೇ ಎಂದರೆ, ಆಯಿತು. ಆದರೂ ಬೀಗದ ಕೈ ಇಸಕೊಂಡೆ.

ರ‍್ಯಾಕು ಕಿತ್ತು ಆರು ವರ್ಷವಾಗಿತ್ತು. ಅಷ್ಟರಲ್ಲಿ ಗಂಡ ತೀರಿಕೊಂಡಿದ್ದರು, ಮಕ್ಕಳು ದುಡಿಯುತ್ತಿದ್ದರು, ನನ್ನ ಕಾಲೂ ಬಾತುಕೊಳ್ಳುತ್ತಿತ್ತು. ಇನ್ನು ಹೆದರಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಒಂದು ಭಾನುವಾರ ಬಸ್ಸು ಹತ್ತಿ ಸವಳಂಗಕ್ಕೆ ಹೋದೆ. ಮೇಷ್ಟ್ರು ಪಡಸಾಲೆಯ ಮಂಚದ ಮೇಲೆ ಕಾಲಿಗೆ ದಿಂಬು ಕೊಟ್ಟು ಮಲಗಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. "ಬಾ ತಂಗಿ, ಕುತ್ಗ. ನಿಂತ್ಕಬ್ಯಾಡ" ಎಂದರು.

ನಾನು ನೆಲದ ಮೇಲೆ ಕೂತೆ. ಕುಶಲ ಕೇಳುವ ಮೊದಲೇ ಹೇಳಿಬಿಟ್ಟೆ. ಹಬ್ಬದ ದಿನ ಮುಂದಿನಿಂದ ತಳ್ಳಿದ್ದು, ಹಳೆಯದನ್ನು ಮೊದಲು ತಳ್ಳಿದ್ದು, ಕೆಲಸ ಹೋದೀತೆಂದು ಸುಳ್ಳು ಹೇಳಿದ್ದು. ಬೈಯಲಿ ಎಂದು ತಲೆ ತಗ್ಗಿಸಿದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

 ಮೇಷ್ಟ್ರು ಮೊಣಕೈ ಊರಿ ಅರ್ಧ ಎದ್ದು, "ಹಂಗಾದ್ರೆ ಇಳಿಜಾರು ಸರಿ ಇತ್ತು?" ಎಂದು ಕೇಳಿದರು.

"ಸರಿ ಇತ್ತು ಮೇಷ್ಟ್ರೆ."

"ಪೆಟ್ಗೆ ನಡುವೆ ನಿಂತಿರ್ಲಿಲ್ಲ?"

"ಒಂದೂ ನಿಂತಿರ್ಲಿಲ್ರಿ."

ಅವರು ಮತ್ತೆ ದಿಂಬಿಗೆ ಒರಗಿ ಮಾಡಿನ ಕಡೆ ನೋಡಿದರು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು. "ನೀನು ಹೆದರಿದ್ದು ತಪ್ಪಲ್ಲ ತಂಗಿ. ನಿನ್ನ ಜಾಗ್ದಾಗೆ ನಾನಿದ್ರೂ ಹೆದರ್ತಿದ್ದೆ. ಒಂದ್ಸಲ ನನ್ನ ಕಿವಿಗಾದ್ರೂ ಹೇಳ್ಬೇಕಿತ್ತು ನೋಡು, ನಾನು ಯಾರಿಗೆ ಹೇಳಾಕೆ ಹೋಗ್ತಿದ್ದೆ" ಎಂದರು. ಆಮೇಲೆ ಒಳಗೆ ಕೈ ತೋರಿಸಿ, "ಅವಳಿಗೂ ಹೇಳು ಹೋಗು" ಎಂದರು.

ಅವರ ಹೆಂಡತಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಇನ್ನೊಂದು ಸಲ ಎಲ್ಲ ಹೇಳಿದೆ. ಆ ತಾಯಿ ಕೈ ನಿಲ್ಲಿಸದೆ ಕೇಳಿದರು, ರೊಟ್ಟಿಯನ್ನು ಹಂಚಿಗೆ ಹಾಕಿದರು, ನೀರು ಸವರಿದರು.

"ಮಲಗಿದಲ್ಲೇ ಗಾಳಿಯಾಗೆ ಬೆರಳು ಇಟ್ಟು ಅಳೀತಿರ್ತಾರೆ, ಎಲ್ಲಿ ತಪ್ಪಿದೆ ಎಲ್ಲಿ ತಪ್ಪಿದೆ ಅಂತ" ಎಂದರು. "ಇರ್ಲಿ ಬಿಡಮ್ಮ. ಇವತ್ತಾದ್ರೂ ನಿದ್ದೆ ಮಾಡ್ತಾರೆ."

ಊಟ ಮಾಡಿಸಿಯೇ ಕಳಿಸಿದರು.  ಮುಂದಿನ ಮಳೆಗಾಲ ಹಿಡಿಯುವ ಮೊದಲೇ ಮೇಷ್ಟ್ರು ಹೋಗಿಬಿಟ್ಟರು. ಆರು ವರ್ಷದ ನಿದ್ದೆಯನ್ನು ಅವರಿಂದ ಕಿತ್ತುಕೊಂಡವಳು ನಾನು. ತಿರುಗಿ ಕೊಡಲು ಆದದ್ದು ನಾಲ್ಕು ತಿಂಗಳದ್ದು ಮಾತ್ರ.