ಮೆಂಥಾಲ್ ನೀರಾದ ಮಧ್ಯಾಹ್ನ

ಮಸ್ಕಿಯ ನಮ್ಮ ಔಷಧಿ ಅಂಗಡಿಯ ಲೈಸೆನ್ಸು ನಿಂತಿದ್ದದ್ದು ನನ್ನ ನೆಗೆಣ್ಣಿಯ ಸರ್ಟಿಫಿಕೇಟಿನ ಮೇಲೆ. ಗುಲ್ಬರ್ಗಾದಲ್ಲಿ ಫಾರ್ಮಸಿ ಓದಿ ಬಂದ ಹಿರಿಯ ಸೊಸೆ ಅವಳು. ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಸರ್ಟಿಫಿಕೇಟು ಕಟ್ಟು ಹಾಕಿಸಿಕೊಂಡು ಅಂಗಡಿಯ ಗೋಡೆಯ ಮೇಲೆ, ಅಕ್ಕ ಹಿಂದಿನ ಮನೆಯಲ್ಲಿ ರೊಟ್ಟಿ ಬಡಿಯುತ್ತ, ಗಲ್ಲಾದಲ್ಲಿ ನಮ್ಮ ಮಾವ. ಮಾವನೇನು ಕೆಟ್ಟವರಲ್ಲ, ಲಿಂಗಪೂಜೆ ಮುಗಿಯದೆ ಬಾಯಿಗೆ ನೀರು ಹಾಕದವರು. ಸೊಸೆಯ ಓದು ಗೋಡೆಗೆ ಚೆಂದ ಎಂಬುದಷ್ಟೇ ಅವರ ತಿಳಿವಳಿಕೆ. ನಮ್ಮ ಕಡೆ ಆಗ ಹೀಗೇ ನಡೆಯುತ್ತಿತ್ತು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತರ ದಶಕದ ಶುರುವಿನ ಒಂದು ಬೇಸಿಗೆ. ಅಂಗಡಿಯಲ್ಲಿ ಮಾವನ ಜೊತೆಗಿರುತ್ತಿದ್ದ ಭಾವ, ಅಂದರೆ ಅಕ್ಕನ ಗಂಡ, ಲಿಂಗಸುಗೂರಿನಲ್ಲಿ ಗೊಬ್ಬರದ ಅಂಗಡಿ ಹಾಕಿದರು. ಒಬ್ಬರಿಗೇ ನೀಗದೆಂದು ಮಾವ ಅಕ್ಕನನ್ನು ಗಲ್ಲಾಕ್ಕೆ ಕೂರಿಸಿದರು. ಅವತ್ತಿನಿಂದ ಅವಳ ನಡಿಗೆಯೇ ಬದಲಾಯಿತು. ಹಟ್ಟಿಯ ಗಣಿಯವರು ಸೊಂಟನೋವಿಗೆ ಮುಲಾಮು ಕೇಳುತ್ತಿದ್ದರು. ಅದಕ್ಕೆಂದು ಒಂದು ಬಾಟಲಿ ಮೆಂಥಾಲ್ ಹರಳು ತರಿಸಿದಳು. ಗಾಜಿನ ಸೂಜಿಗಳ ಹಾಗೆ ಉದ್ದುದ್ದ ಹರಳು, ಮೂಗಿಗೆ ಹಿಡಿದರೆ ಕಣ್ಣಲ್ಲಿ ನೀರು.

ಒಂದು ಮಧ್ಯಾಹ್ನ ಮಾವ ತಗಡಿನ ಛಾವಣಿಯ ಕೆಳಗಿನ ಹಲಗೆಯಿಂದ ಬಾಟಲಿ ಇಳಿಸಿದರು. ಒಳಗೆ ಒಂದೂ ಹರಳಿಲ್ಲ, ಬರೀ ಎಣ್ಣೆಯಂಥ ನೀರು.

"ಇದೇನಬೇ? ಎಣ್ಣಿ ತುಂಬಿ ಕೊಟ್ಟಾರ, ನೀ ನೋಡದ ತಗೊಂಡಿ. ನಾಳಿಂದ ಗಲ್ಲಾಕ ಬರಬ್ಯಾಡ. ಗೋಡಿ ಮ್ಯಾಲಿನ ಕಾಗದ ಸಾಕು," ಎಂದರು.

ನಾನಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಅಕ್ಕ, "ಮಾವಾರ, ಬಿಸಲಿಗೆ ಕರಗೈತ್ರಿ, ಕೆಟ್ಟಿಲ್ಲ. ಸಂಜಿತನ ತಡೀರಿ," ಎಂದಳು. ಬಾಟಲಿಯ ಬಾಯಿ ಬಿಗಿದು, ನೀರಿನ ಹರವಿಯ ಬುಡದ ಹಸಿ ಉಸುಕಿನಲ್ಲಿ ಹುಗಿದಿಟ್ಟಳು.

ಸಂಜೆ ತೆಗೆದರೆ ಬಾಟಲಿ ತಣ್ಣಗಿತ್ತು, ಒಳಗೆ ಇನ್ನೂ ನೀರೇ. ಮಾವ ನಕ್ಕುಬಿಟ್ಟರು.  ಅಕ್ಕ ತಲೆನೋವಿಗೆಂದು ಮೊದಲೇ ಒಳಮನೆಯ ತಂಪಿನಲ್ಲಿ ಸಣ್ಣ ಡಬ್ಬಿಯೊಂದರಲ್ಲಿ ಕೆಲವು ಹರಳು ಎತ್ತಿಟ್ಟಿದ್ದಳು. ಒಂದನ್ನು ತಂದು ಬಾಟಲಿಗೆ ಹಾಕಿ, ಅದನ್ನು ಮಾವನ ಕೈಗೇ ಕೊಟ್ಟಳು.

ಆ ಹರಳಿನ ಮೈಯಿಂದ ಸೂಜಿಗಳು ಹೊರಟವು. ಒಂದರಿಂದ ಇನ್ನೊಂದು ಹುಟ್ಟುತ್ತ, ನೋಡನೋಡುತ್ತಲೇ ಬಾಟಲಿಯನ್ನೆಲ್ಲ ತುಂಬಿದವು.

"ಬೆಚ್ಚಗ ಆಗಾಕತ್ತೈತಲ್ಲ," ಎಂದರು ಮಾವ ಮೆಲ್ಲಗೆ.

"ಕರಗುವಾಗ ನುಂಗಿದ ಬಿಸಿ ಈಗ ಬಿಡಾಕತ್ತೈತ್ರಿ. ಬಿಸಲಿಗೆ ಕಣಗಳು ಸಾಲು ಬಿಟ್ಟಿದ್ವು, ಈಗ ಮತ್ತ ಸಾಲಿಗೆ ನಿಂತಾವ. ದಾರಿ ತೋರ್ಸಾಕ ಒಂದು ಹರಳು ಬೇಕಿತ್ತು. ಅದಿಲ್ಲದ ಗಟ್ಟಿಯಾದ್ರ ಮೊದ್ಲ ಬ್ಯಾರೆ ತರದ ಹರಳು ಬರ್ತಾವ, ಆಮ್ಯಾಲ ಅವೂ ಹಿಂಗ ಸೂಜಿ ಆಗ್ತಾವ."

ಔಷಧಿಯ ಒಳಗೆ ಇಂಥದೆಲ್ಲ ನಡೆಯುತ್ತದೆಂದು ನನಗೆ ತಿಳಿದದ್ದು ಅಂದೇ. ಇದನ್ನು ಓದಿದವಳು ಇಷ್ಟು ದಿನ ನನ್ನ ಪಕ್ಕದಲ್ಲಿ ಕೂತು ರೊಟ್ಟಿ ಬಡಿದಿದ್ದಳು.  ಮಾವ ಬಿಸಿ ಆರುವವರೆಗೂ ಬಾಟಲಿ ಹಿಡಿದುಕೊಂಡೇ ಕೂತಿದ್ದರು.

ಮರುದಿನ ಬೆಳಿಗ್ಗೆ ಹೋಗಲೋ ಬೇಡವೋ ಎಂದು ಅಕ್ಕ ನಡುಬಾಗಿಲಲ್ಲಿ ನಿಂತಳು. ಇಣುಕಿದರೆ ಗಲ್ಲಾ ಖಾಲಿ. ಮಾವ ಗಿರಾಕಿಗಳ ಬೆಂಚಿನ ಮೇಲೆ, ಮುಕ್ಕುಂದದಿಂದ ಬಂದಿದ್ದ ಗಂಡ ಹೆಂಡತಿಯ ಪಕ್ಕ ಕೂತಿದ್ದರು. ಅಕ್ಕ ಹೋಗಿ ಗಲ್ಲಾದಲ್ಲಿ ಕೂತು ಅವರಿಬ್ಬರಿಗೆ ಔಷಧಿ ಕೊಟ್ಟು ಕಳಿಸುವವರೆಗೂ ಮಾವ ತಮ್ಮ ಸರದಿಗೆ ಕಾದರು. ಆಮೇಲೆ ಎದ್ದು ಬಂದು, ಅವಳ ಎದುರು ನಿಂತು ಕೇಳಿದರು:

"ತಂಗಿ, ನನ್ನ ಮೊಣಕಾಲಿಗೆ ಏನರ ಕೊಡ್ತಿಯೇನವಾ?"