ಹೇಗಿರಬೇಕೆಂದು ಗೊತ್ತಿಲ್ಲದ ಊಟ

ಅವ್ವನ ಕೈಯಲ್ಲಿದ್ದ ತುಂಡಿಗೂ ತಟ್ಟೆಯಲ್ಲಿ ಉಳಿದ ಪಿಜ್ಜಾಕ್ಕೂ ನಡುವೆ ಚೀಸಿನ ಒಂದು ಎಳೆ ಹರಿಯದೆ ನಿಂತಿತ್ತು. ಅವ್ವ ಕೈಯನ್ನು ಇನ್ನಷ್ಟು ಮೇಲೆತ್ತಿದಳು. ಎಳೆ ಸಣ್ಣಗಾಯಿತು, ದಾರದಷ್ಟಾಯಿತು, ಆದರೂ ಹರಿಯಲಿಲ್ಲ. ಮೊಣಕೈ ಕಿವಿಯ ಮಟ್ಟಕ್ಕೆ ಬಂದಾಗ ಸೆರಗು ಜಾರಿತು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ನೋಡಿ, “ಇದಕ್ಕ ಮುಗಿಯೂದು ಅನ್ನೂದ ಇಲ್ಲೇನ?” ಅಂದಳು. ಆಮೇಲೆ ಆ ತುಂಡನ್ನು ಪೂರ್ತಿ ತಿಂದಳು. ಇನ್ನೊಂದನ್ನೂ ತಿಂದಳು.

ಅದು ಗೋಕಾಕದಲ್ಲಿ, ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಹೋಟೆಲು. ಬೋರ್ಡಿನ ಮೇಲೆ ಚೈನೀಸ್, ಇಟಾಲಿಯನ್, ಥಾಯ್, ಮೆಕ್ಸಿಕನ್ ಎಂದು ಬರೆದು, ಎಲ್ಲಕ್ಕಿಂತ ಕೆಳಗೆ ರೊಟ್ಟಿ ಊಟವೂ ಸಿಗುತ್ತದೆ ಎಂದು ಸೇರಿಸಿದ್ದಾರೆ. ನಾನು ಅದೇ ಊರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ದಿನವೂ ಆ ಬೋರ್ಡಿನ ಕೆಳಗೆ ಹಾದುಹೋಗುತ್ತಿದ್ದರೂ ಮೆಟ್ಟಿಲು ಹತ್ತಿರಲಿಲ್ಲ. ಹೋಟೆಲಿನಲ್ಲಿ ಒಬ್ಬಳೇ ಕೂತು ಉಣ್ಣುವುದು ನನ್ನಿಂದ ಆಗುವುದಿಲ್ಲ. ಅವತ್ತು ಹತ್ತಿದ್ದು ಅವ್ವನ ಜೊತೆಗೆ, ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ತೋರಿಸಿಕೊಂಡು ಬರುವಾಗ.

ದೀಪಾವಳಿಯ ನಂತರ ಬಂದ ಒಂದು ಜ್ವರ ಬಿಟ್ಟು ಹೋಗುವಾಗ ಅವ್ವನ ಮೂಗಿಗೆ ವಾಸನೆ ತಿಳಿಯುವ ಶಕ್ತಿಯನ್ನೂ ತೆಗೆದುಕೊಂಡು ಹೋಗಿತ್ತು. ಇದು ನನಗೆ ಗೊತ್ತಾದದ್ದು ಒಲೆಯ ಮೇಲಿನ ಹಾಲು ತಳ ಹತ್ತಿದ ದಿನ. ಪಡಸಾಲೆಯಲ್ಲಿದ್ದ ನನಗೆ ಕಮಟು ಬಡಿಯಿತು, ಒಲೆಯ ಪಕ್ಕದಲ್ಲೇ ಮೆಂತ್ಯದ ಸೊಪ್ಪು ಸೋಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ. ನಾನು ಪಾತ್ರೆ ಇಳಿಸಿದೆ. ಅವಳು ಮೊದಲು ಪಾತ್ರೆಯನ್ನೂ ಆಮೇಲೆ ನನ್ನನ್ನೂ ನೋಡಿದಳು. “ಯಾರ ಮುಂದೂ ಅನಬ್ಯಾಡ,” ಅಂದಳು. “ಖಾರ ಒಮ್ಮೆ ಕೈ ಬಿಟ್ಟರ ತಿರಗಿ ಬರೂದಿಲ್ಲ.”

ಖಾರ ಅಂದರೆ ಮಸಾಲೆ ಖಾರ. ಗೋಕಾಕಕ್ಕೆ ಹತ್ತಿರದ ತುಕ್ಕಾನಟ್ಟಿಯ ನಮ್ಮ ಮನೆಯಲ್ಲಿ ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಇಡೀ ವರ್ಷಕ್ಕಾಗುವಷ್ಟು ಮಾಡುತ್ತೇವೆ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಣಕೊಬ್ಬರಿ, ಲವಂಗ, ಚಕ್ಕೆ, ಕಲ್ಲುಹೂವು ಎಲ್ಲವನ್ನೂ ಬೇರೆ ಬೇರೆಯಾಗಿ ಎಣ್ಣೆಯಲ್ಲಿ ಹುರಿದು, ಗಿರಣಿಗೆ ಒಯ್ದು ಕುಟ್ಟಿಸಿಕೊಂಡು ಬರುವುದು. ಹುರಿಯುವ ಕೆಲಸವನ್ನು ಅವ್ವ ಯಾರಿಗೂ ಬಿಟ್ಟವಳಲ್ಲ. ಯಾವುದನ್ನು ಯಾವಾಗ ಇಳಿಸಬೇಕೆಂದು ಅವಳ ಮೂಗು ಹೇಳುತ್ತಿತ್ತು. ಒಂದು ಪಾಲು ಗೋಡೆಯಾಚೆ ಇರುವ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿಯ ಮನೆಗೆ, ಒಂದು ಪಾಲು ಅವ್ವನ ತವರಾದ ಬೆಲ್ಲದ ಬಾಗೇವಾಡಿಗೆ, ಇನ್ನೊಂದು ಅಕ್ಕನ ಮನೆಗೆ. ಇಷ್ಟು ಮನೆಗಳ ಸಾರು ವರ್ಷವಿಡೀ ಅವಳ ಮೂಗಿನ ಮೇಲೆ ನಿಂತಿತ್ತು. ಅದು ಹೋಗಿದೆ ಎಂದು ಗೊತ್ತಾದರೆ ಎಲ್ಲರೂ ಕನಿಕರದಿಂದಲೇ ‘ನೀ ಕುಂದರು, ನಾವು ಮಾಡತೀವಿ’ ಅನ್ನುತ್ತಾರೆ. ಅವ್ವ ಹೆದರಿದ್ದು ಅದಕ್ಕೆ.

ಡಾಕ್ಟರು, ವಾಸನೆ ಮರಳಿ ಬರಬಹುದು, ಆದರೆ ಯಾವಾಗ ಎಂದು ಹೇಳಲಾಗುವುದಿಲ್ಲ, ಲವಂಗ, ನಿಂಬೆಹಣ್ಣು ದಿನವೂ ಮೂಸುತ್ತಿರಿ ಎಂದರು. ಅವ್ವ ಮೂಸಿದಳು. “ಬರೇ ಡಬ್ಬಿ ಮೂಸಿದಂಗ ಆಗತೈತಿ,” ಅಂದಳು. ಮನೆಯ ಊಟ ಅರ್ಧ ರೊಟ್ಟಿಗೆ ಇಳಿದಿತ್ತು. ಬಳೆಗಳು ಮೊಣಕೈಯತ್ತ ಜಾರುತ್ತಿದ್ದವು. ಹೀಗಿರುವಾಗ ಆ ಮಹಡಿಯ ಮೇಲೆ ಅವಳು ಎರಡು ತುಂಡು ಪಿಜ್ಜಾ ತಿಂದದ್ದು ನನಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ಮುಂದಿನ ಶನಿವಾರ ಮತ್ತೆ ಕರೆದುಕೊಂಡು ಹೋದೆ.

ಆ ಹೋಟೆಲಿನ ಬಗ್ಗೆ ನನಗೆ ಈಗಲೂ ಗೌರವ. ಬಡಿಸುವವರು ನಡುವಯಸ್ಸಿನ ಒಬ್ಬ ಗಂಡಸು. ನಾವಾಗಿ ಕೇಳುವತನಕ ಯಾವುದನ್ನು ಹೇಗೆ ತಿನ್ನಬೇಕೆಂದು ಅವರು ಹೇಳುತ್ತಿರಲಿಲ್ಲ. ನೂಡಲ್ಸನ್ನು ಅವ್ವ ಶಾವಿಗೆಯಂತೆ ಬೆರಳಿನಲ್ಲಿ ಎತ್ತಿದಾಗ ಅವರು ಮುಖ ತಿರುಗಿಸಲಿಲ್ಲ, ನಗಲಿಲ್ಲ. ಕೈ ತೊಳೆಯಲು ಉಗುರುಬೆಚ್ಚನೆಯ ನೀರು ತಂದಿಟ್ಟರು, ಅಷ್ಟೇ. ತೆಂಗಿನ ಹಾಲಿನ ಥಾಯ್ ಸಾರನ್ನು ಅವ್ವ, “ನುಣ್ಣಗ ಐತಿ, ಗಂಟಲ ತಾನ ಒಳಗ ಕರಕೋತೈತಿ,” ಅಂದಳು. ಮೆಕ್ಸಿಕೋದ್ದೆಂದು ಬಂದ ಮೆಕ್ಕೆಜೋಳದ ಮುಕ್ಕೋನ ಚಿಪ್ಸನ್ನು ಕಟಕ್ಕನೆ ಕಡಿದು, “ಇದು ಕಿವಿಗೆ ರುಚಿ ಐತಿ,” ಅಂದಳು. ನಾಲಿಗೆಯ ಉಪ್ಪು ಹುಳಿ ಸಿಹಿ ಉಳಿದಿವೆ, ಬಾಯಿಗೆ ಬಿಸಿ, ಗರಿಗರಿ, ನುಣುಪು ತಿಳಿಯುತ್ತವೆ, ಅದಕ್ಕೇ ಸೇರುತ್ತಿದೆ ಎಂದು ನಾನು ಲೆಕ್ಕ ಹಾಕಿದೆ. ಆದರೆ ರೊಟ್ಟಿಯೂ ಗರಿಗರಿಯಾಗಿಯೇ ಇರುತ್ತದೆ. ಅದೇಕೆ ಸೇರುವುದಿಲ್ಲ?

ಊರಿನಲ್ಲಿ ಸುದ್ದಿಯಾಗಲು ತಡವಾಗಲಿಲ್ಲ. ಕಾಕು ಗೋಡೆಯ ಮೇಲಿನಿಂದ ಇಣುಕಿದಳು.

“ಏನಕ್ಕಾ, ವಾರಾ ವಾರಾ ಗೋಕಾಕಕ್ಕ ಹೋಗಿ ಹೊರದೇಶದ ಊಟಾ ಉಂಡ ಬರಾಕತ್ತಿಯಂತ? ರೊಟ್ಟಿ ಬ್ಯಾಸರಾತೇನ?”

“ನೀ ಬಡದ ರೊಟ್ಟಿ ತಿಂದ ತಿಂದ ಬ್ಯಾಸರಾತು, ಅದಕ್ಕ.”

“ಅಂದೆಲ್ಲಾ, ಅನ್ನು. ಖಾರ ಯಾವಾಗ ಹುರೀತಿ ಅದನ್ನ ಹೇಳು. ನನ್ನ ಡಬ್ಬಿ ತಳಾ ಕಾಣಾಕತ್ತೈತಿ.”

“ಬಿಸಲ ಇನ್ನಾ ಬಲೀಲಿ.”

“ಇನ್ನೆಷ್ಟ ಬಲೀಬೇಕವಾ? ನನ್ನ ನೆತ್ತಿ ಮ್ಯಾಲ ಹಪ್ಪಳಾ ಸುಡು, ಸುಡತಾವು!”

ಅವ್ವ ನಕ್ಕು ಒಳಗೆ ಬಂದಳು. ಒಳಗೆ ಬಂದ ಮೇಲೆ ನಗಲಿಲ್ಲ. ಮೆಣಸಿನಕಾಯಿಯ ಚೀಲ ಮೂಲೆಯಲ್ಲಿ ಬಾಯಿ ಕಟ್ಟಿದಂತೆಯೇ ಇತ್ತು.

ರೊಟ್ಟಿ ಏಕೆ ಸೇರುವುದಿಲ್ಲ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮೂಡಲಗಿಯಲ್ಲಿ. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಪಕ್ಕದಲ್ಲಿ ಹೊಸದಾಗಿ ಒಂದು ಪಾಸ್ತಾ ಅಂಗಡಿಯಾಗಿದೆ. ನಡೆಸುವವಳು ನನ್ನ ವಯಸ್ಸಿನವಳೇ. ಪುಣೆಯ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ ಕಲಿತು ಬಂದು ಇಲ್ಲಿ ನಾಲ್ಕು ಮೇಜು ಹಾಕಿದ್ದಾಳೆ. ಕಬ್ಬು ತುಂಬಿದ ಟ್ರೇಲರುಗಳು ಹಾಡು ಹಾಕಿಕೊಂಡು ಬಾಗಿಲ ಮುಂದೆಯೇ ಹೋಗುತ್ತವೆ. ಅವು ದಾಟುವತನಕ ಮಾತು ನಿಲ್ಲಿಸಿ, ಆಮೇಲೆ ಅದೇ ಮಾತಿನಿಂದ ಮುಂದುವರಿಸುವುದು ಅವಳಿಗೆ ರೂಢಿಯಾಗಿದೆ. ಬಿಳಿ ಸಾಸಿನ ಪಾಸ್ತಾದ ಜೊತೆಗೆ ಒಂದು ಸಣ್ಣ ಬಟ್ಟಲಿನಲ್ಲಿ ಶೇಂಗಾ ಹಿಂಡಿ, ಅಂದರೆ ನಮ್ಮ ಕಡೆಯ ಚಟ್ನಿಪುಡಿ, ಕೊಡುತ್ತಾಳೆ. “ಇದಿಲ್ದ ನಮ್ಮ ಮಂದಿ ಚಮಚಾನ ಮುಟ್ಟಂಗಿಲ್ರಿ,” ಅಂದಳು. ಇಟಲಿಯವರ ಊಟದ ಪಕ್ಕದಲ್ಲಿ ಹಿಂಡಿಯ ಬಟ್ಟಲಿಡಲು ಅವಳಿಗೆ ಸಂಕೋಚವಿರಲಿಲ್ಲ. ಪಾಸ್ತಾ ಮಾತ್ರ ಎಲ್ಲಿಯೂ ರಾಜಿ ಮಾಡಿಕೊಳ್ಳದ ಪಾಸ್ತಾ. ಗಂಟಿಲ್ಲದ ಸಾಸು, ಹಲ್ಲಿಗೆ ಇಷ್ಟೇ ಇಷ್ಟು ಎದುರು ನಿಲ್ಲುವ ಹದ.

ಅವ್ವ ಖುಷಿಯಿಂದಲೇ ತಿನ್ನುತ್ತಿದ್ದಳು. ನಡುವೆ, ಅಭ್ಯಾಸದ ಮೇಲೆ, ಬೆರಳ ತುದಿಯಲ್ಲಿ ಹಿಂಡಿ ತೆಗೆದು ನಾಲಿಗೆಗೆ ಹಚ್ಚಿದಳು. ಮುಖ ಆರಿಹೋಯಿತು. ಚಮಚ ಕೆಳಗಿಟ್ಟು ರಸ್ತೆಯ ಕಡೆ ನೋಡಿದಳು. ಒಂದು ಟ್ರೇಲರು ಹೋಗುವತನಕ ಕಾದು ನಾನು ಕೇಳಿದೆ, “ಏನಾತವ್ವಾ?”

“ಈ ಹಿಂಡಿ ಹೆಂಗಿರಬೇಕು ಅಂತ ನನಗ ಗೊತ್ತೈತಿ. ಬಾಯಾಗಿಟ್ಟ ಕೂಡ್ಲೆ ಏನಿಲ್ಲ ಅನ್ನೂದ ಗೊತ್ತಾಗತೈತಿ.” ಪಾಸ್ತಾದ ತಟ್ಟೆಯನ್ನು ತೋರಿಸಿದಳು. “ಇದು ಹೆಂಗಿರಬೇಕಂತ ನನಗೇನ ಗೊತ್ತು? ಇದ್ದಷ್ಟ ರುಚಿ ಅನಸತೈತಿ. ಕಳಕೊಂಡಿದ್ದೇನೂ ನೆನಪಾಗಂಗಿಲ್ಲ.”

ನಾನು ಬಟ್ಟಲನ್ನು ನನ್ನ ಕಡೆಗೆ ಎಳೆದುಕೊಂಡೆ. ಅವ್ವ ಮತ್ತೆ ಚಮಚ ಹಿಡಿದಳು.

ಅದಾಗಿ ಕೆಲವು ವಾರಗಳ ಮೇಲೆ ಬೆಲ್ಲದ ಬಾಗೇವಾಡಿಯಲ್ಲಿ ಅವ್ವನ ಅಣ್ಣನ ಸೊಸೆಯ ಕುಬಸ. ಬಸುರಿಗೆ ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಹೋಳಿಗೆಯ ಊಟ. ಅವ್ವ ಹೋಳಿಗೆಯನ್ನು ಮುರಿದು, ತುಪ್ಪದಲ್ಲಿ ಹೊರಳಿಸಿ, ತಟ್ಟೆಯ ಅಂಚಿಗೆ ಸರಿಸಿದಳು. ಕಟ್ಟಿನ ಸಾರನ್ನು ಮುಟ್ಟಲೇ ಇಲ್ಲ. ಅವಳ ಅತ್ತಿಗೆ ಎಲ್ಲರ ಎದುರಿಗೆ, “ಈ ಸಲ ನಿನ್ನ ಖಾರ ಇನ್ನಾ ಬಂದಿಲ್ಲ. ಪ್ಯಾಟಿ ಖಾರ ಹಾಕಿ ಸಾರ ಮಾಡೇನಿ, ಯಾರಿಗೂ ಸೇರವಲ್ದು. ಬರೂದೈತೋ ಇಲ್ಲೋ, ಒಂದ ಮಾತ ಹೇಳಿಬಿಡವಾ,” ಅಂದಳು. ಅವ್ವ ಬಿಸಿಲಿನ ಮಾತನ್ನೇ ಹೇಳಿದಳು. ಹೊರಗೆ ಅಂಗಳದಲ್ಲಿ ಕಾಲಿಡಲಾಗದಷ್ಟು ಬಿಸಿಲಿತ್ತು.

ಬರುವಾಗ ಹುಕ್ಕೇರಿಯಲ್ಲಿ ಬಸ್ಸು ಬದಲಿಸಬೇಕು. ಗೋಕಾಕದ ಬಸ್ಸಿಗೆ ಹೊತ್ತಿತ್ತು, ಅವ್ವನಿಗೆ ಹಸಿವಾಗಿತ್ತು. ರಸ್ತೆಯಾಚೆ ಅರಬ್ಬೀ ಊಟದ ಒಂದು ಸಣ್ಣ ಹೋಟೆಲಿತ್ತು. “ಬರೇ ವೆಜ್ ಏನ್ರಿ?” ಅವ್ವ ಬಾಗಿಲಲ್ಲೇ ಕೇಳಿದಳು.

“ಬರೇ ವೆಜ್ ರಿ ಅಕ್ಕಾರ, ಬರ್ರಿ, ಕುಂದರ್ರಿ,” ಅಂದರು ಒಳಗಿದ್ದ ಅಡುಗೆಯವರು. ಗಂಡ ಒಲೆಗೆ, ಹೆಂಡತಿ ಹಣದ ಗಲ್ಲೆಗೆ. ಹಲವು ವರ್ಷ ಗಲ್ಫಿನಲ್ಲಿ ಅಡುಗೆ ಮಾಡಿ ಊರಿಗೆ ಮರಳಿದವರು. ನೆನೆಸಿ ರುಬ್ಬಿದ ಕಡಲೆಯ ಉಂಡೆಗಳನ್ನು ಎಣ್ಣೆಗೆ ಬಿಡುತ್ತಿದ್ದರು. ಒಂದೊಂದೂ ಒಂದೇ ಅಳತೆ, ಒಂದೇ ಕಂದು. ಅದು ಫಲಾಫಲ್ ಎಂದು ಅವರು ಹೇಳಿದಾಗ ಅವ್ವ, “ನಮ್ಮ ಕಡ್ಲಿ ವಡೀನ. ಪಾಸಪೋರ್ಟ ಮಾಡಿಸ್ಯಾರ,” ಎಂದು ನನ್ನ ಕಿವಿಯಲ್ಲಿ ಅಂದಳು.

ಅಷ್ಟರಲ್ಲಿ ಅವರು ಒಂದು ಸಣ್ಣ ತಟ್ಟೆಯಲ್ಲಿ ಹಮ್ಮಸ್ ತಂದು ಅವ್ವನ ಮುಂದಿಟ್ಟರು. ಬೇಯಿಸಿದ ಕಡಲೆಗೆ ಎಳ್ಳು, ನಿಂಬೆರಸ, ಬೆಳ್ಳುಳ್ಳಿ ಸೇರಿಸಿ ಬೆಣ್ಣೆಯಂತೆ ರುಬ್ಬಿದ್ದು.

“ಅಕ್ಕಾರ, ಒಂದ ಉಪಕಾರ ಆಗಬೇಕು. ಇವತ್ತಿಂದು ಈಗ ರುಬ್ಬೇನಿ. ನನಗೂ ನಮ್ಮ ಮನಿಯಾಕಿಗೂ ರೋಜಾ ಐತಿ. ನಾಲಗಿ ತುದೀಗೆ ಹಚ್ಚಿ ಉಗಳಿದ್ರ ನಡೀತೈತಿ ಅಂತಾರ, ನನ್ನ ಮನಸ ಒಪ್ಪಂಗಿಲ್ಲ. ನೀವು ಅಡಗಿ ಬಲ್ಲಾವ್ರ ಕಾಣತೀರಿ. ಒಂಚೂರು ನೋಡಿ ಹೇಳ್ರಿ.”

ನನ್ನ ಕೈ ತಟ್ಟೆಯ ಕಡೆಗೆ ಹೋಯಿತು. ಅವಳನ್ನು ಪಾರು ಮಾಡಬೇಕೆಂದಷ್ಟೇ ಆಗ ನನಗೆ ಹೊಳೆದದ್ದು. ಅವ್ವ ನನಗಿಂತ ಮೊದಲು ಬೆರಳದ್ದಿ ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು.

“ಉಪ್ಪ ಬರೋಬರಿ ಐತಿ. ಹುಳಿ ಇನ್ನೊಂದೀಟ ಬೇಕ್ರಿ.”

“ಮತ್ತ ಬಳ್ಳೊಳ್ಳಿ? ಒಮ್ಮೊಮ್ಮೆ ಹಸೀ ವಾಸನಿ ಹೊಡೀತೈತ್ರಿ.”

ಅವ್ವ ಬೆರಳು ಒರೆಸಿಕೊಂಡಳು. ‘ಇಲ್ಲ, ಛಲೋ ಐತಿ’ ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅಡುಗೆಯ ಹದ ಕೇಳಿದವರಿಗೆ ಅವಳು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ.

“ಅದು ನನಗ ತಿಳಿಯಂಗಿಲ್ರಿ ಅಣ್ಣಾರ. ಜ್ವರಾ ಬಂದು ನನ್ನ ಮೂಗಿನ ವಾಸನಿ ಹೋಗೇತಿ. ಇಕಿ ನನ್ನ ಮಗಳು, ಇಕಿ ಹೇಳತಾಳ.” ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು.

ನಾನು ಮೂಸಿದೆ. “ಒಂಚೂರು ಹಸೀ ಐತ್ರಿ,” ಅಂದೆ.

ಅಡುಗೆಯವರು ಅಯ್ಯೋ ಅನ್ನಲಿಲ್ಲ. ನಕ್ಕರು. “ಹಂಗಾರ ನಮ್ದೂ ನಿಮ್ದೂ ಒಂದ ಆತಲ್ರಿ ಅಕ್ಕಾರ.”

“ನಿಮ್ದು ಸಂಜೀಗೆ ಬಿಡತೈತ್ರಿ. ನಂದು ಯಾವಾಗ ಬಿಡತೈತೋ.”

“ಅಲ್ಲೀತನಕಾ ಒಲೀ ಆರಸಾಕ ಆಗತೈತೇನ್ರಿ? ಗಲ್ಫಿನಾಗ ರಮಜಾನ ತಿಂಗಳ ಪೂರಾ ಬಾಜೂ ಒಲಿಯಾಂವಗ ಚಮಚಾ ಕೊಡತಿದ್ದೆ. ಅಂವ ಮಾರಿ ಹೆಂಗ ಮಾಡತಾನ ನೋಡಿ ಉಪ್ಪ ಹಾಕತಿದ್ದೆ. ಕೈ ನಂದು, ಬಾಯಿ ಅಂವಂದು. ಊಟಾ ಮಾಡಿದಾವ್ರು ನನ್ನ ಅಡಗೀನ ಅಂದ್ರಲ್ರಿ.”

“ಅಂವ ಸುಳ್ಳ ಹೇಳಿದ್ರ?”

“ಒಮ್ಮೆ ಚ್ಯಾಷ್ಟಿಗೆ ಹೇಳಿದ. ಮರದಿನಾ ಅಂವನ ಫಲಾಫಲದಾಗ ಹಸಿ ಮೆಣಸಿನಕಾಯಿ ತುಂಬಿದೆ ನೋಡ್ರಿ!”

ಗಲ್ಲೆಯಲ್ಲಿದ್ದ ಹೆಂಡತಿ, “ಇದನ್ನ ಬಂದಾವ್ರಿಗೆಲ್ಲಾ ಹೇಳತಾರ್ರಿ, ತಡೀರಿ, ಇನ್ನಾ ಐತಿ,” ಅಂದರು. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಜ್ವರ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಬಿಸಿ ಫಲಾಫಲ್ಲನ್ನು ತೆಳ್ಳನೆಯ ರೊಟ್ಟಿಯಲ್ಲಿ ಸುತ್ತಿ, ನಿಂಬೆರಸ ಸೇರಿಸಿದ ಹಮ್ಮಸ್ಸಿನಲ್ಲಿ ಅದ್ದಿ, ಹೊಟ್ಟೆ ತುಂಬ ಉಂಡಳು. ಅವರಿಬ್ಬರೂ ನೀರು ಸಹ ಮುಟ್ಟದೆ, ನಾವು ಉಣ್ಣುವುದನ್ನು ತಾವೇ ಉಂಡಷ್ಟು ಸಮಾಧಾನದಿಂದ ನೋಡುತ್ತಿದ್ದರು. ಅಷ್ಟು ಚೆಂದವಾಗಿ ಯಾವ ಹೋಟೆಲಿನಲ್ಲೂ ನಮಗೆ ಬಡಿಸಿಲ್ಲ.

ಬಸ್ಸಿನಲ್ಲಿ ಅವ್ವ, ಘಟಪ್ರಭಾ ದಾಟಿದ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು, “ನೀ ಸುಳ್ಳ ಹೇಳಂಗಿಲ್ಲಲ್ಲ?”

“ಇಲ್ಲವ್ವಾ.”

“ನನಗ ಛಲೋ ಅನಸಲಿ ಅಂತಾನೂ ಹೇಳಬಾರದು.”

“ಹೇಳಂಗಿಲ್ಲ.”

ಮರುದಿನ ಬೆಳಿಗ್ಗೆ ನಾನು ಎದ್ದಾಗ ಮೆಣಸಿನಕಾಯಿಯ ಚೀಲದ ಬಾಯಿ ಬಿಚ್ಚಿತ್ತು. ಹಿತ್ತಲಿನ ಒಲೆಯ ಮೇಲೆ ದೊಡ್ಡ ಬಾಣಲೆ ಏರಿತ್ತು. ಅವ್ವ ಗೋಡೆಯ ಹತ್ತಿರ ನಿಂತು ಕಾಕುವಿಗೆ ಹೇಳುತ್ತಿದ್ದಳು, “ನನಗ ವಾಸನಿ ಬರಂಗಿಲ್ಲ ಈಗ, ನನ್ನ ಮಗಳ ಮೂಗ ಇಟ್ಟಕೊಂಡ ಹುರ್ಯಾಕತ್ತೇನಿ. ಕೆಟ್ಟರ ಆಕೀನ ಬೈ.” ಕಾಕು ಏನೋ ಕೂಗಿ ಅಂದು, ಗೋಡೆ ಸುತ್ತಿ ಬರಲು ಚಪ್ಪಲಿ ಹುಡುಕುತ್ತಿದ್ದಳು.

ನಾನು ಕಾಲೇಜಿಗೆ ಫೋನು ಮಾಡಿ ರಜೆ ಹೇಳಿದೆ. ಮುಖ ತೊಳೆದುಕೊಂಡು, ಕೂದಲು ಕಟ್ಟಿ, ಒಲೆಯ ಈ ಬದಿಗೆ ಮಣೆ ಹಾಕಿಕೊಂಡು ಕೂತೆ. ಕೊತ್ತಂಬರಿ ಬೀಜ ಬಾಣಲೆಗೆ ಬಿತ್ತು. ಅವ್ವ ಬಣ್ಣ ನೋಡುತ್ತ, ಸದ್ದು ಕೇಳುತ್ತ ಕೈಯಾಡಿಸಿದಳು. “ಹೇಳು,” ಅಂದಳು. ಇನ್ನೂ ಹುಲ್ಲಿನ ವಾಸನೆಯಿತ್ತು. ‘ಇಲ್ಲ’ ಅಂದೆ. ಮತ್ತೆ ಕೇಳಿದಳು, ಮತ್ತೆ ‘ಇಲ್ಲ’ ಅಂದೆ. ಆಮೇಲೆ ವಾಸನೆ ಒಮ್ಮೆಲೇ ತಿರುಗಿತು. ಅದಕ್ಕೆ ನನ್ನ ಬಳಿ ಹೆಸರಿರಲಿಲ್ಲ, ಆದರೆ ಚಿಕ್ಕಂದಿನಿಂದ ಪ್ರತಿ ಬೇಸಿಗೆ ಈ ಹಿತ್ತಲಿನಲ್ಲಿ ಅದು ಎದ್ದ ಕೂಡಲೇ ಅವ್ವ ಬಾಣಲೆ ಇಳಿಸುತ್ತಿದ್ದಳು.

“ಈಗ,” ಅಂದೆ.

ಅವ್ವ ಇಳಿಸಿದಳು. ಬೀಜವನ್ನು ಪರಾತದಲ್ಲಿ ಹರವಿ, ಬಾಣಲೆಗೆ ಎಣ್ಣೆ ಹಾಕಿ, ಕಲ್ಲುಹೂವು ಕೈಗೆತ್ತಿಕೊಂಡಳು. ನಾನು ಒಲೆಯ ಕಡೆಗೆ ಬಗ್ಗಿದೆ.